ವರಲಕ್ಷ್ಮಿ ನಮ್ಮ ಕಡೆಯವರೇ?

ಪ್ರಶ್ನೆ: ನಾವು ಅರಸೀಕೆರೆಯವರು. ಮನೆಮಂದಿಯೆಲ್ಲ ಮಜಾ ಟಾಕೀಸ್ ನೋಡುತ್ತಿದ್ದ ಕಾಲದಲ್ಲಿ ನಮ್ಮತ್ತೆ, ‘ಆ ವರಲಕ್ಷ್ಮಿ ಪಾರ್ಟು ಮಾಡೋ ಅಪರ್ಣ ನಮ್ಮ ಕಡೇರೇ ಕಣೇ’ ಅನ್ನೋರು. ನಿಜವೇ? ಅಷ್ಟು ಗಂಭೀರವಾಗಿ ನಿರೂಪಣೆ ಮಾಡುತ್ತಿದ್ದವರು ಆ ಪಾತ್ರಕ್ಕೆ ಹೇಗೆ ಒಗ್ಗಿದರು? ಟೀವಿಯಲ್ಲಿ ಸ್ಕಿಟ್ ಮಾಡುವವರ ಬದುಕು ಹೇಗೆ ನಡೆಯುತ್ತದೆ? ಕೇಳುವುದಕ್ಕೊಂದು ಕಾರಣವಿದೆ. ಡಿಗ್ರಿ ಎರಡನೇ ವರ್ಷದಲ್ಲಿರುವ ನಮ್ಮಕ್ಕನ ಮಗ ಓದು ಬಿಟ್ಟು ಕಾಮಿಡಿ ಆಡಿಷನ್‌ಗೆ ಹೋಗುತ್ತೇನೆಂದು ಹಟ ಹಿಡಿದಿದ್ದಾನೆ.
— ಓದುಗರೊಬ್ಬರು, ಅರಸೀಕೆರೆ

ಉತ್ತರ: ನಿಮ್ಮತ್ತೆ ಹೇಳಿದ್ದು ಮುಕ್ಕಾಲು ಪಾಲು ಸರಿ. ಅಪರ್ಣಾ ಅವರ ಮೂಲ ಊರು ಪಂಚನಹಳ್ಳಿ. ಕಾಗದದ ಮೇಲೆ ಅದು ಚಿಕ್ಕಮಗಳೂರು ಜಿಲ್ಲೆ, ಕಡೂರು ತಾಲೂಕು. ಆದರೆ ಅರಸೀಕೆರೆ ತಾಲೂಕಿನ ಮಗ್ಗುಲಿಗೇ ಇರುವ ಊರು. ಅದೇ ತೆಂಗಿನ ತೋಟ, ಅದೇ ಒಣ ಗಾಳಿ, ಅದೇ ರಾಗಿ ಹೊಲ. ಸಂತೆಗೂ ಸಂಬಂಧಕ್ಕೂ ಜನ ಆ ಕಡೆ ಈ ಕಡೆ ಓಡಾಡುತ್ತಲೇ ಇರುತ್ತಾರೆ. ನಿಮ್ಮತ್ತೆ ‘ನಮ್ಮ ಕಡೇರು’ ಅಂದದ್ದು ತಾಲೂಕು ಕಚೇರಿಯ ಲೆಕ್ಕದಲ್ಲಲ್ಲ, ಕಲ್ಪತರು ನಾಡಿನ ಲೆಕ್ಕದಲ್ಲಿ.

ಎರಡನೆಯ ಪ್ರಶ್ನೆಗೆ ತುಸು ಹಿಂದಕ್ಕೆ ಹೋಗಬೇಕು. ಅಪರ್ಣಾ ಬೆಳ್ಳಿತೆರೆಗೆ ಬಂದದ್ದು ಎಂಬತ್ತರ ದಶಕದ ನಡುವೆ, ‘ಮಸಣದ ಹೂವು’ ಚಿತ್ರದಿಂದ. ಅದು ಪುಟ್ಟಣ್ಣ ಕಣಗಾಲರ ಕೊನೆಯ ಚಿತ್ರ. ಅಂಥ ಬಾಗಿಲಿನಿಂದ ಒಳಗೆ ಬಂದ ಹುಡುಗಿ ನಾಯಕಿಯಾಗಿಯೇ ಮುಂದುವರಿಯಬಹುದಿತ್ತು. ಆದರೆ ಅವರನ್ನು ಜನ ಹಚ್ಚಿಕೊಂಡದ್ದು ಮುಖಕ್ಕಿಂತ ಹೆಚ್ಚಾಗಿ ದನಿಯನ್ನು. ತೊಂಬತ್ತರ ದಶಕದಲ್ಲಿ ಬೆಂಗಳೂರು ದೂರದರ್ಶನದಲ್ಲಿ ಅವರು ಬಂದು ಕೈಮುಗಿದರೆ ಕಾರ್ಯಕ್ರಮ ಶುರುವಾಯಿತೆಂದೇ ಅರ್ಥ. 1998ರ ದೀಪಾವಳಿಯ ಕಾರ್ಯಕ್ರಮವೊಂದನ್ನು ಸತತ ಎಂಟು ಗಂಟೆ ನಿರೂಪಿಸಿದವರು ಅವರು. ಎಂಟು ಗಂಟೆ! ಮದುವೆ ಮನೆಯಲ್ಲಿ ಹತ್ತು ನಿಮಿಷ ಮೈಕು ಹಿಡಿದು ನೋಡಿ, ನಾಲಿಗೆ ಎಲ್ಲೆಲ್ಲಿ ತೊಡರುತ್ತದೆಂದು ಗೊತ್ತಾಗುತ್ತದೆ. ಆಮೇಲೆ ‘ಮೂಡಲಮನೆ’, ‘ಮುಕ್ತ’ದಂಥ ಧಾರಾವಾಹಿಗಳು ಬಂದವು. 2011ರಲ್ಲಿ ಬೆಂಗಳೂರಿನ ಮೆಟ್ರೋ ಓಡತೊಡಗಿದಾಗ ಮುಂದಿನ ನಿಲ್ದಾಣ ಯಾವುದೆಂದು ಕನ್ನಡದಲ್ಲಿ ಹೇಳುವ ದನಿಯೂ ಅವರದೇ ಆಯಿತು. 2013ರಲ್ಲಿ ಕನ್ನಡದ ಮೊದಲ ಬಿಗ್ ಬಾಸ್ ಮನೆಗೂ ಹೋಗಿ ಬಂದರು.

ಅಂದರೆ ಸುಮಾರು ಮೂವತ್ತು ವರ್ಷ ಒಂದೇ ಒಂದು ಒತ್ತಕ್ಷರ ಸಡಿಲವಾಗದ ಹಾಗೆ ಕನ್ನಡ ಮಾತಾಡಿದವರು ಅವರು. ಅಲ್ಪಪ್ರಾಣ ಮಹಾಪ್ರಾಣ ಬೇರೆ ಬೇರೆ, ಸಕಾರ ಶಕಾರ ಬೇರೆ ಬೇರೆ. ಮೇಷ್ಟ್ರುಗಳು ಮಕ್ಕಳಿಗೆ ‘ಅಪರ್ಣಾ ಮಾತಾಡೋ ಹಾಗೆ ಓದು’ ಎನ್ನುತ್ತಿದ್ದರು. ನನಗೂ ಒಬ್ಬರು ಅಂದಿದ್ದರು, ನನ್ನಿಂದ ಆಗಲಿಲ್ಲ, ಅದು ಬೇರೆ ಮಾತು.

2015ರಲ್ಲಿ ಕಲರ್ಸ್ ಕನ್ನಡದಲ್ಲಿ ಸೃಜನ್ ಲೋಕೇಶ್ ಅವರ ‘ಮಜಾ ಟಾಕೀಸ್’ ಶುರುವಾಯಿತು. ಹಿಂದಿಯಲ್ಲಿ ಕಪಿಲ್ ಶರ್ಮಾ ಗೆಲ್ಲಿಸಿದ್ದ ಮಾದರಿ: ಒಂದು ಮನೆ, ಅದರೊಳಗೆ ವಿಚಿತ್ರ ಸ್ವಭಾವದ ನಾಲ್ಕಾರು ಜನ, ನಡುವೆ ಬರುವ ಸಿನಿಮಾ ಅತಿಥಿ. ಅಲ್ಲಿ ಶ್ವೇತಾ ಚೆಂಗಪ್ಪ ರಾಣಿಯಾದರು, ಅಪರ್ಣಾ ‘ಒನ್ ಅಂಡ್ ಓನ್ಲಿ ವರಲಕ್ಷ್ಮಿ’ಯಾದರು. ತನ್ನ ಮೇಲೆ ತನಗೇ ತೀರದ ಮೋಹವಿರುವ ಹೆಂಗಸು. ತಾನು ಬಂದ ಕೂಡಲೇ ಲೋಕ ಎದ್ದು ನಿಲ್ಲಬೇಕು, ನಿಲ್ಲದಿದ್ದರೆ ಅದು ಲೋಕದ ತಪ್ಪು. ಒನಪು, ಕೊಂಕು, ಕಣ್ಣರಳಿಸುವುದು, ತನ್ನ ಹೆಸರನ್ನು ತಾನೇ ಹಾಡಿನಂತೆ ಹೇಳಿಕೊಳ್ಳುವುದು. ಉಳಿದವರು ಅವಳನ್ನು ಗೇಲಿ ಮಾಡಿದಷ್ಟೂ ಅವಳಿಗೆ ಅದು ಹೊಗಳಿಕೆಯಾಗಿಯೇ ಕೇಳುತ್ತದೆ.

ಮೊದಲ ವಾರ ನೋಡಿದ ಹಲವರಿಗೆ ಇರುಸುಮುರುಸಾಯಿತು. ‘ಅಪರ್ಣಾನೂ ಇದಕ್ಕೆಲ್ಲ ಇಳಿದ್ರಾ’ ಎಂದವರಲ್ಲಿ ನಾನೂ ಒಬ್ಬ. ಆ ಮಾತನ್ನು ವಾಪಸು ತೆಗೆದುಕೊಳ್ಳಲು ನನಗೆ ನಾಲ್ಕೈದು ವಾರ ಬೇಕಾಯಿತು. ವರಲಕ್ಷ್ಮಿಯನ್ನು ಬೇರೆ ಯಾರಾದರೂ ಮಾಡಿದ್ದರೆ ಅವಳು ಬರೀ ಒಬ್ಬ ಬಡಾಯಿಕೋರಳಾಗುತ್ತಿದ್ದಳು. ಅಪರ್ಣಾ ಮಾಡಿದ್ದರಿಂದ ನೋಡುವವನ ತಲೆಯಲ್ಲಿ ಇಬ್ಬರು ಹೆಂಗಸರು ಒಟ್ಟಿಗೆ ನಿಂತಿರುತ್ತಿದ್ದರು: ಮೂವತ್ತು ವರ್ಷ ವೇದಿಕೆಯ ಬದಿಯಲ್ಲಿ ನಿಂತು ಇನ್ನೊಬ್ಬರ ಹೆಸರು, ಬಿರುದು, ಸಾಧನೆಗಳನ್ನು ಘನವಾಗಿ ಓದಿದವಳೊಬ್ಬಳು, ಈಗ ನಡುವೇದಿಕೆಗೆ ನುಗ್ಗಿ ತನ್ನ ಹೆಸರನ್ನೇ ಓದಿಕೊಳ್ಳುವವಳು ಇನ್ನೊಬ್ಬಳು. ನಗು ಹುಟ್ಟುತ್ತಿದ್ದದ್ದು ಆ ಇಬ್ಬರ ನಡುವಿನ ಅಂತರದಲ್ಲಿ. ಮೂವತ್ತು ವರ್ಷ ಕೂಡಿಟ್ಟ ಗಾಂಭೀರ್ಯದ ಗಂಟನ್ನು ಬಿಚ್ಚಿ, ವಾರಕ್ಕಿಷ್ಟು ಎಂದು ಖರ್ಚು ಮಾಡಿದರು ಅವರು. ಗಂಟೇ ಇಲ್ಲದವನು ಏನನ್ನು ಖರ್ಚು ಮಾಡಿಯಾನು?

2024ರ ಜುಲೈ 11ರಂದು ಶ್ವಾಸಕೋಶದ ಕ್ಯಾನ್ಸರ್‌ನಿಂದ ಅವರು ತೀರಿಕೊಂಡಾಗ ಜನ ಎರಡು ಬಗೆಯಲ್ಲಿ ನೆನೆದರು. ಐವತ್ತು ದಾಟಿದವರು ದೂರದರ್ಶನದ ಅಪರ್ಣಾರನ್ನು, ಸಣ್ಣವರು ವರಲಕ್ಷ್ಮಿಯನ್ನು. ಒಂದೇ ಮನೆಯಲ್ಲಿ ಅಜ್ಜಿಯೂ ಮೊಮ್ಮಗಳೂ ಒಬ್ಬರಿಗಾಗಿಯೇ ಅತ್ತು, ಬೇರೆ ಬೇರೆಯವರಿಗಾಗಿ ಅತ್ತಂತೆ.

ನಿಮ್ಮತ್ತೆಯ ಮಾತಿಗೆ ಮತ್ತೆ ಬರುತ್ತೇನೆ, ಅದರಲ್ಲಿ ಅವರಿಗೂ ಗೊತ್ತಿಲ್ಲದ ಒಂದು ಸತ್ಯವಿದೆ. ಬೆಂಗಳೂರಿನಿಂದ ನಿಮ್ಮೂರಿಗೆ ರೈಲಿನಲ್ಲಿ ಬರುವಾಗ ತುಮಕೂರು ದಾಟಿದ ಮೇಲೆ ಕಿಟಕಿಯಾಚೆ ಬರುವ ಬೋರ್ಡುಗಳನ್ನು ಓದಿ. ಗುಬ್ಬಿ. ತಿಪಟೂರು. ಅರಸೀಕೆರೆ. ಗುಬ್ಬಿಯಿಂದ ಬಂದದ್ದು 1884ರಲ್ಲಿ ಹುಟ್ಟಿದ ನಾಟಕ ಕಂಪನಿ. ಅದನ್ನು ದೊಡ್ಡದು ಮಾಡಿದ ವೀರಣ್ಣನವರು ಮೊದಲು ಜನರಿಗೆ ಬೇಕಾದದ್ದು ಹಾಸ್ಯನಟನಾಗಿ. ‘ಸದಾರಮೆ’ಯಲ್ಲಿ ಅವರು ಮಾಡುತ್ತಿದ್ದ ಕಳ್ಳನ ಪಾತ್ರಕ್ಕೇ ಜನ ಗಾಡಿ ಕಟ್ಟಿಕೊಂಡು ಬರುತ್ತಿದ್ದರು. ತಿಪಟೂರು ನರಸಿಂಹರಾಜು ಅವರ ಊರು. ಗುಬ್ಬಿ ಕಂಪನಿಯಲ್ಲಿ ಪಳಗಿ, 1954ರ ‘ಬೇಡರ ಕಣ್ಣಪ್ಪ’ದಲ್ಲಿ ರಾಜ್‌ಕುಮಾರರ ಜೊತೆಯೇ ಸಿನಿಮಾಕ್ಕೆ ಬಂದವರು. ಅರಸೀಕೆರೆ ಬಾಲಕೃಷ್ಣರ ಊರು. ಕನ್ನಡ ಸಿನಿಮಾ ಎರಡು ಮೂರು ತಲೆಮಾರು ನಕ್ಕದ್ದು ಒಂದೇ ರೈಲು ಹಳಿಯ ಮೇಲಿನ ಅಕ್ಕಪಕ್ಕದ ಊರಿನ ಈ ಇಬ್ಬರನ್ನು ನೋಡಿ. ಸಾಲದೆಂಬಂತೆ ದೊಡ್ಡಣ್ಣನವರೂ ಅರಸೀಕೆರೆಯವರೇ. ಜಗ್ಗೇಶ್ ತುರುವೇಕೆರೆ ತಾಲೂಕಿನ ಮಾಯಸಂದ್ರದ ಕಡೆಯವರು. ಈ ಸೀಮೆಯ ಎಳನೀರಿನಲ್ಲಿ ಏನೋ ಇದೆ ಎಂದು ಗೆಳೆಯರಲ್ಲಿ ನಾನು ವಾದಿಸುವುದುಂಟು. ಮಂಡ್ಯದವರು ಒಪ್ಪುವುದಿಲ್ಲ.

ಬಾಲಕೃಷ್ಣರಿಗೆ ಕಿವಿ ಸರಿಯಾಗಿ ಕೇಳುತ್ತಿರಲಿಲ್ಲ. ಎದುರಿನವರ ತುಟಿಯ ಚಲನೆ ನೋಡಿ ತಮ್ಮ ಮಾತು ಹೇಳುತ್ತಿದ್ದರು. ಇದನ್ನು ಗೊತ್ತಿಟ್ಟುಕೊಂಡು ಅವರ ಹಳೆಯ ಚಿತ್ರವೊಂದನ್ನು ಮತ್ತೆ ನೋಡಿ. ಎದುರಿನ ನಟ ಮಾತಾಡುತ್ತಿರುವಷ್ಟು ಹೊತ್ತೂ ಅವರ ಕಣ್ಣು ಆ ಮುಖವನ್ನು ಬಿಟ್ಟು ಕದಲುವುದಿಲ್ಲ. ತುಟಿ ನಿಂತ ಮೇಲೆ ಒಂದು ಕ್ಷಣ, ಆಮೇಲೆ ಮಾತು. ಇವತ್ತು ಸ್ಕಿಟ್ ಹುಡುಗರು ‘ಟೈಮಿಂಗ್’ ಎಂದು ಬಾಯಿ ತುಂಬ ಹೇಳುವುದು ಆ ಒಂದು ಕ್ಷಣವನ್ನೇ. ಕೇಳುವ ಕಿವಿಯಿದ್ದವರಿಗೆ ಅದು ಬರಲು ವರ್ಷಗಟ್ಟಲೆ ಬೇಕು. ಬಾಲಕೃಷ್ಣರಿಗೆ ಅದಿಲ್ಲದೆ ಗತಿಯೇ ಇರಲಿಲ್ಲ. ನಗಿಸುವುದರ ಜೊತೆಗೆ ಖಳನಾಗಿ ಹೆದರಿಸುವುದೂ ಗೊತ್ತಿತ್ತು ಅವರಿಗೆ. ದುಡಿದದ್ದನ್ನೆಲ್ಲ ಕೆಂಗೇರಿ ಬಳಿಯ ಅಭಿಮಾನ್ ಸ್ಟುಡಿಯೊಗೆ ಸುರಿದು, ಅದರ ಚಿಂತೆಯಲ್ಲೇ 1995ರಲ್ಲಿ ಹೋದರು. 2009ರ ಕೊನೆಯಲ್ಲಿ ವಿಷ್ಣುವರ್ಧನ್ ಅವರ ಅಂತ್ಯಸಂಸ್ಕಾರವಾದದ್ದು ಅದೇ ನೆಲದಲ್ಲಿ.

ಟೀವಿಯ ಸ್ಕಿಟ್‌ಗೂ ಹಳೆಯ ಕಂಪನಿ ನಾಟಕಕ್ಕೂ ನಂಟಿದೆ. ಕಂಪನಿ ನಾಟಕದಲ್ಲಿ ಅರಮನೆಯ ಸೀನು ಮುಗಿದು ಕಾಡಿನ ಸೀನು ಬರಬೇಕೆಂದರೆ ಹಿಂದೆ ಸೆಟ್ಟು ಬದಲಾಯಿಸಲು ಹೊತ್ತು ಬೇಕು. ಆಗ ಮುಂದಿನ ಪರದೆ ಇಳಿಸಿ, ಅದರ ಎದುರಿಗೆ ಇಬ್ಬರು ಹಾಸ್ಯಗಾರರನ್ನು ಬಿಡುತ್ತಿದ್ದರು. ಹಿಂದೆ ಬಡಗಿ ಮೊಳೆ ಹೊಡೆಯುವ ಸದ್ದು ಜನಕ್ಕೆ ಕೇಳಬಾರದು, ಅಷ್ಟು ನಗಿಸಬೇಕು. ಮುಖ್ಯ ಕಥೆಗೂ ಅವರಿಗೂ ಸಂಬಂಧವಿಲ್ಲ. ಏಳೆಂಟು ನಿಮಿಷದಲ್ಲಿ ಒಂದು ಜಗಳ, ಒಂದು ಮೋಸ, ಒಂದು ಹಾಡು ಮುಗಿಸಿ ಜಾಗ ಖಾಲಿ ಮಾಡಬೇಕು. ಇವತ್ತು ಎರಡು ಜಾಹೀರಾತುಗಳ ನಡುವೆ ನಡೆಯುವ ಸ್ಕಿಟ್‌ನ ಅಳತೆಯೂ ಹೆಚ್ಚುಕಡಿಮೆ ಅಷ್ಟೇ. ಮಜಾ ಟಾಕೀಸ್ ನಡೆಸಿದ ಸೃಜನ್ ಅವರು ನಟ ಲೋಕೇಶರ ಮಗ, 1934ರ ‘ಸತಿ ಸುಲೋಚನ’ದ ನಾಯಕ, ಕಂಪನಿ ನಾಟಕದ ಸುಬ್ಬಯ್ಯ ನಾಯ್ಡು ಅವರ ಮೊಮ್ಮಗ. ಪರದೆಯ ಮುಂದಿನ ಆಟ ಆ ಮನೆಗೆ ಹೊಸದಲ್ಲ.

ಇನ್ನೂ ಹಿಂದಕ್ಕೆ ಹೋಗಬೇಕೆಂದರೆ ಬೇಲೂರಿಗೆ ಹೋಗಿ, ನಿಮಗೆ ದೂರವೇನಲ್ಲ. 1117ರಲ್ಲಿ ಹೊಯ್ಸಳ ದೊರೆ ವಿಷ್ಣುವರ್ಧನ ಪ್ರತಿಷ್ಠೆ ಮಾಡಿಸಿದ ಚೆನ್ನಕೇಶವನ ಗುಡಿಯ ಹೊರಗೆ, ಕಂಬದ ಮೇಲೆ ವಾಲಿಕೊಂಡ ಮದನಿಕೆಯರಲ್ಲಿ ಒಬ್ಬಳ ಸೆರಗನ್ನು ಕೋತಿಯೊಂದು ಹಿಡಿದು ಜಗ್ಗುತ್ತಿದೆ. ಅವಳು ಕಡ್ಡಿ ಎತ್ತಿ ಗದರಿಸುತ್ತಿದ್ದಾಳೆ. ಇದು ಕಲ್ಲಿನಲ್ಲಿ ಕಡೆದ ಸ್ಕಿಟ್ಟೇ: ಇಬ್ಬರು ಪಾತ್ರಧಾರಿಗಳು, ಒಂದು ಎಳೆದಾಟ, ಮುಂದೇನಾಯಿತೆಂದು ನೋಡುವವನೇ ಊಹಿಸಬೇಕು. ಅಲ್ಲಿಯ ಗೈಡ್‌ಗಳು ಈ ಮೂರ್ತಿಯ ಕೆಳಗೆ ಬಂದಾಗ ಏನು ಮಾಡುತ್ತಾರೆಂದು ಗಮನಿಸಿ. ಮೊದಲು ಅವಳ ಒಡವೆ, ಆಮೇಲೆ ಕೇಶಾಲಂಕಾರ, ಆಮೇಲೆ ನಡುವಿನ ಬಳುಕು, ಎಲ್ಲವನ್ನೂ ನಿಧಾನವಾಗಿ ವರ್ಣಿಸಿ ಮಾತು ನಿಲ್ಲಿಸುತ್ತಾರೆ. ಶಾಲೆಯ ಮಕ್ಕಳು ತಲೆಯೆತ್ತಿ ಕಾಯುತ್ತಾರೆ. ಆಮೇಲೆ ಟಾರ್ಚಿನ ಬೆಳಕು ಸರ್ರನೆ ಕೆಳಗಿಳಿದು ಕೋತಿಯ ಮೇಲೆ ನಿಲ್ಲುತ್ತದೆ. ‘ಇವನು ಯಾರು, ಹೇಳಿ ನೋಡೋಣ?’ ಮಕ್ಕಳು ಗೊಳ್ಳೆನ್ನುತ್ತವೆ. ದಿನಕ್ಕೆ ಹತ್ತು ಸಲ ಅದೇ ಮಾತು, ಅದೇ ನಿಲುಗಡೆ, ಪ್ರತಿಸಲವೂ ಅದೇ ನಗು. ಹಳೇಬೀಡಿನಲ್ಲಿ ಮಕರವನ್ನು ತೋರಿಸುವಾಗಲೂ ಹೀಗೇ. ಸೊಂಡಿಲು ಯಾರದು, ಕಾಲು ಯಾರದು, ಬಾಲ ಯಾರದು ಎಂದು ಒಂದೊಂದಾಗಿ ಕೇಳಿಸಿ, ಕಡೆಗೆ ಎಲ್ಲ ಸೇರಿದರೆ ಏನಾಯಿತು ಎಂದು ಮಕ್ಕಳ ಬಾಯಿಂದಲೇ ಉತ್ತರ ಬರಿಸುತ್ತಾರೆ. ಕಾಮಿಡಿಯ ಪಾಠ ಬೇಕೆನ್ನುವವರು ಬೆಂಗಳೂರಿಗೆ ಹೋಗುವ ಮೊದಲು ಅರ್ಧ ದಿನ ಈ ಗೈಡ್‌ಗಳ ಹಿಂದೆ ತಿರುಗುವುದು ಒಳ್ಳೆಯದು.

ಆ ಮೂರ್ತಿಗಳ ಬಳಿ ಕಡೆದವರ ಹೆಸರುಗಳೂ ಇವೆ. ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ. ಬರೀ ಹೆಸರು ಬರೆದು ಸುಮ್ಮನಿರುವ ಪೈಕಿಯವರಲ್ಲ ಆ ರೂವಾರಿಗಳು. ತನ್ನ ಮುಂದೆ ಉಳಿದ ಶಿಲ್ಪಿಗಳು ಯಾವ ಲೆಕ್ಕ ಎಂಬಂಥ ಬಿರುದುಗಳನ್ನೂ ಕೆಲವರು ಕಲ್ಲಿನಲ್ಲಿ ಕೊರೆದಿದ್ದಾರೆ. ಒಂಬೈನೂರು ವರ್ಷದ ಹಿಂದಿನ ‘ಒನ್ ಅಂಡ್ ಓನ್ಲಿ’! ವ್ಯತ್ಯಾಸವೆಂದರೆ ಅವರ ಬಡಾಯಿ ನಿಜವಾಗಿತ್ತು, ಸಾಕ್ಷಿ ಅಲ್ಲೇ ತಲೆಯ ಮೇಲೆ ನಿಂತಿತ್ತು.

ಇನ್ನು ಬದುಕಿನ ಮಾತು. ಟೀವಿಯಲ್ಲಿ ಕಾಣುವ ಏಳೆಂಟು ನಿಮಿಷದ ಹಿಂದೆ ಒಂದು ವಾರ ಇರುತ್ತದೆ. ಬರಹಗಾರರು ಒಂದು ಎಳೆ ತರುತ್ತಾರೆ. ಹೆಣ್ಣು ನೋಡುವ ಶಾಸ್ತ್ರ, ಆಸ್ಪತ್ರೆ, ಪೊಲೀಸ್ ಠಾಣೆ, ಗಂಡ ಹೆಂಡತಿ. ಅದಕ್ಕೆ ನಟರು ಪಂಚ್ ಸೇರಿಸುತ್ತಾರೆ, ಒಬ್ಬನ ಪಂಚ್‌ಗೆ ಇನ್ನೊಬ್ಬ ಕೌಂಟರ್ ಕೊಡುತ್ತಾನೆ, ‘ಇಲ್ಲಿ ಲ್ಯಾಗ್ ಆಗ್ತಿದೆ’ ಎಂದು ನಿರ್ದೇಶಕ ಕತ್ತರಿಸುತ್ತಾನೆ. ವೇದಿಕೆಗೆ ಬರುವ ಹೊತ್ತಿಗೆ ನಟನಿಗೆ ಅದರಲ್ಲಿ ನಗು ಬರುವಂಥದ್ದು ಏನೂ ಉಳಿದಿರುವುದಿಲ್ಲ. ನಕ್ಕರೂ ನಗದಿದ್ದರೂ ಮುಂದಿನ ವಾರಕ್ಕೆ ಹೊಸದು ಬೇಕು. ಹಾಡುಗಾರ ಒಂದು ಹಾಡನ್ನು ನಲವತ್ತು ವರ್ಷ ಹಾಡಬಹುದು. ಸ್ಕಿಟ್ ಒಮ್ಮೆ ಪ್ರಸಾರವಾದರೆ ಮುಗಿಯಿತು.

ಹೆಸರಿನದೂ ಒಂದು ಕಥೆ. 2016ರಲ್ಲಿ ಜೀ ಕನ್ನಡದಲ್ಲಿ ಶುರುವಾದ ‘ಕಾಮಿಡಿ ಕಿಲಾಡಿಗಳು’ ಮೊದಲ ಸೀಸನ್ ಗೆದ್ದ ಶಿವರಾಜ್ ಅವರಿಗೆ ಊರೇ ಹೆಸರಾಗಿ ಅಂಟಿಕೊಂಡಿತು, ಕೆ.ಆರ್. ಪೇಟೆ ಎಂದು. ಪ್ರತಾಪ್ ಅವರಿಗೆ ಅವರ ಹಳೆಯ ಕಾರ್ಯಕ್ರಮವೇ ‘ಕುರಿ’ಯಾಗಿ ಮುಂದೆ ಬಂದು ಕೂತಿತು. ಜನ ಹಾಸ್ಯನಟನನ್ನು ಪಾತ್ರದಿಂದಲೋ ಊರಿನಿಂದಲೋ ಗುರುತಿಸುತ್ತಾರೆಯೇ ಹೊರತು ಇಟ್ಟ ಹೆಸರಿನಿಂದಲ್ಲ. ಶಿವರಾಜ್ 2020ರಲ್ಲಿ ‘ನಾನು ಮತ್ತು ಗುಂಡ’ದಲ್ಲಿ ಒಂದು ನಾಯಿಯ ಜೊತೆ ನಾಯಕನಾಗಿ ಅಳಿಸಿದಾಗ, ನಗಲು ಬಂದಿದ್ದವರು ತಬ್ಬಿಬ್ಬಾಗಿದ್ದರು. ಹೀಗೆ ಸಿನಿಮಾಕ್ಕೆ ದಾಟಿದವರು ಕೆಲವರೇ. ಗಾರೆ ಕೆಲಸ ಮಾಡಿ, ಟೀವಿ ಹಾಸ್ಯದಿಂದ ‘ಕಿರಾತಕ’ಕ್ಕೆ ಹೋದ ಚಿಕ್ಕಣ್ಣ ಅವರಲ್ಲೊಬ್ಬರು.

ದಾಟದವರ ಅನ್ನ ಇರುವುದು ‘ಪ್ರೋಗ್ರಾಂ’ಗಳಲ್ಲಿ. ಗಣಪತಿ ಪೆಂಡಾಲ್, ರಾಜ್ಯೋತ್ಸವ, ಜಾತ್ರೆ, ಕಾಲೇಜು ವಾರ್ಷಿಕೋತ್ಸವ. ಗಣೇಶ ಚೌತಿಯಿಂದ ನವೆಂಬರ್ ಮುಗಿಯುವವರೆಗೆ ಒಬ್ಬೊಬ್ಬರು ಕಾರಿನಲ್ಲೇ ಮಲಗುತ್ತಾರೆ. ಬೇಲೂರು ರಸ್ತೆಯ ಊರೊಂದರ ಗಣಪತಿ ಕಾರ್ಯಕ್ರಮದಲ್ಲಿ ಒಮ್ಮೆ ಹೀಗೆ ಟೀವಿಯಿಂದ ಬಂದ ನಟನ ಪಕ್ಕ ಕೂರುವ ಅವಕಾಶ ನನಗೆ ಸಿಕ್ಕಿತ್ತು. ಬಣ್ಣದ ಕೋಣೆ ಎಂದರೆ ಶಾಲೆಯ ಒಂದು ಕ್ಲಾಸು. ಬೋರ್ಡಿನ ಮೇಲೆ ಭಾಗಾಕಾರದ ಲೆಕ್ಕ ಇನ್ನೂ ಅಳಿಸಿರಲಿಲ್ಲ. ಅವನದು ಲೇಡಿ ಗೆಟಪ್. ಸೀರೆಯ ನೆರಿಗೆ ಮೊಣಕಾಲಿಗೆ ಎತ್ತಿ ಸಿಕ್ಕಿಸಿಕೊಂಡು, ವಿಗ್ಗನ್ನು ಜಾಮೆಟ್ರಿ ಬಾಕ್ಸಿನ ಪಕ್ಕ ಮಗುವಿನ ಹಾಗೆ ಮಲಗಿಸಿ, ಪೇಪರ್ ತಟ್ಟೆಯಲ್ಲಿ ಚಿತ್ರಾನ್ನ ತಿನ್ನುತ್ತಿದ್ದ. ತುಟಿಯ ಬಣ್ಣ ಹೋಗಬಾರದೆಂದು ಅನ್ನವನ್ನು ಹಲ್ಲಿನಿಂದಲೇ ಎಳೆದುಕೊಳ್ಳುತ್ತಿದ್ದ. ಎಂಟಕ್ಕೆ ಹತ್ತಬೇಕಿದ್ದವನು ಹತ್ತೂಕಾಲಾದರೂ ಅಲ್ಲೇ ಇದ್ದ. ಹೊರಗೆ ಭಾಷಣ ಮುಗಿದಿರಲಿಲ್ಲ. ‘ಈಗ ಜನ ತೂಕಡಿಸ್ತಿರ್ತಾರೆ ಸಾರ್, ಅವರನ್ನ ಎಬ್ಬಿಸೋಕೇ ಹತ್ತು ನಿಮಿಷ ಬೇಕು’ ಎಂದ. ನಾಲ್ಕು ಗಂಟೆ ಬಸ್ಸಿನಲ್ಲಿ ಬಂದವನು, ಮರುದಿನ ಬೆಳಿಗ್ಗೆ ಶೂಟಿಂಗಿಗೆ ವಾಪಸು ಹೋಗಬೇಕಾದವನು. ಮೈಕು ಕೈಗೆ ಬಂದ ಕೂಡಲೇ ಅವನ ಬೆನ್ನು ನೆಟ್ಟಗಾಯಿತು. ಮೊದಲ ಮಾತು ಆ ಉದ್ದ ಭಾಷಣದ ಮೇಲೆಯೇ ಬಿತ್ತು. ಎಬ್ಬಿಸಲು ಅವನಿಗೆ ಹತ್ತು ಸೆಕೆಂಡು ಸಾಕಾಯಿತು. ಒಪ್ಪಿದ್ದ ದುಡ್ಡಿನಲ್ಲಿ ಅರ್ಧವನ್ನು ಮಾತ್ರ ಅವತ್ತು ಕೊಟ್ಟರೆಂದು ಆಮೇಲೆ ತಿಳಿಯಿತು. ಉಳಿದರ್ಧಕ್ಕೆ ಫೋನು ಮಾಡಿದ್ದೆಷ್ಟು ಸಲವೋ.

ಈ ಓಡಾಟ ಮೈಯನ್ನೂ ತಿನ್ನುತ್ತದೆ. ಕಾಮಿಡಿ ಕಿಲಾಡಿಗಳು ಮೂರನೆಯ ಸೀಸನ್ ಗೆದ್ದಿದ್ದ ಉಡುಪಿ ಕಡೆಯ ರಾಕೇಶ್ ಪೂಜಾರಿ 2025ರ ಮೇ 12ರಂದು ಹೃದಯಾಘಾತದಿಂದ ಹೋದರು, ಸ್ನೇಹಿತರ ಮನೆಯ ಮೆಹಂದಿ ಕಾರ್ಯಕ್ರಮಕ್ಕೆ ಹೋಗಿದ್ದಾಗ. ವಯಸ್ಸು ಮೂವತ್ತರ ಆಸುಪಾಸು. ಸಾವಿಗೆ ಓಡಾಟವೇ ಕಾರಣವೆಂದು ನಾನು ಹೇಳುತ್ತಿಲ್ಲ. ಆದರೆ ಆ ಸುದ್ದಿ ಬಂದ ದಿನ, ನನಗೆ ಪರಿಚಯವಿದ್ದ ಇಬ್ಬರು ಸ್ಕಿಟ್ ಕಲಾವಿದರು ಮೊದಲ ಸಲ ಇಸಿಜಿ ಮಾಡಿಸಿಕೊಂಡರು.

ನಿಮ್ಮಕ್ಕನ ಮಗನ ವಿಷಯ. ಆಡಿಷನ್‌ಗೆ ಹೋಗಲಿ, ತಡೆಯಬೇಡಿ. ಅರಸೀಕೆರೆ ಜಂಕ್ಷನ್ನಿನಲ್ಲಿ ನಿಂತರೆ ಬೆಂಗಳೂರಿಗೆ ರೈಲಿಗೇನು ಕೊರತೆ? ಹೋಗಿ, ಸಾಲಿನಲ್ಲಿ ನಿಂತು, ಎರಡು ನಿಮಿಷ ಮಾಡಿ ತೋರಿಸಿ ಸಂಜೆ ವಾಪಸು ಬರಬಹುದು. ಅದಕ್ಕೆ ಕಾಲೇಜು ಬಿಡಬೇಕಾಗಿಲ್ಲ. ನಿಮ್ಮೂರಿನ ದೊಡ್ಡಣ್ಣನವರು ಭದ್ರಾವತಿಯ ಉಕ್ಕಿನ ಕಾರ್ಖಾನೆಯಲ್ಲಿ ನೌಕರಿ ಮಾಡುತ್ತಲೇ ನಾಟಕ ಮಾಡುತ್ತಿದ್ದವರು. ಕಾರ್ಖಾನೆಯಲ್ಲಿ ಸುತ್ತ ಇದ್ದ ಜನರ ನಡಿಗೆ, ಬೈಗುಳ, ಸಿಟ್ಟು ಆಮೇಲೆ ಎಷ್ಟು ಪಾತ್ರಗಳಿಗೆ ಒದಗಿತೋ ಅವರೇ ಬಲ್ಲರು. ಇಪ್ಪತ್ತು ವರ್ಷದ ಹುಡುಗನಿಗೆ ಈಗ ಗೊತ್ತಿರುವುದು ಬೇರೆ ಸ್ಕಿಟ್‌ಗಳಲ್ಲಿ ನೋಡಿದ ಪೊಲೀಸು, ಬೇರೆ ಸ್ಕಿಟ್‌ಗಳಲ್ಲಿ ನೋಡಿದ ಕುಡುಕ. ಎಪಿಎಂಸಿಯಲ್ಲಿ ಕೊಬ್ಬರಿ ಹರಾಜು ಕೂಗುವವರನ್ನು ಅವನು ಒಂದು ಬೆಳಿಗ್ಗೆ ನಿಂತು ನೋಡಿದ್ದಾನಾ ಕೇಳಿ. ಮಾಲೇಕಲ್ಲು ತಿರುಪತಿಯ ಮೆಟ್ಟಿಲು ಹತ್ತುವಾಗ ಏದುಸಿರಿನ ನಡುವೆಯೂ ಸೊಸೆಯನ್ನು ಬೈಯುವ ಅತ್ತೆಯನ್ನು? ಮೊದಲು ನಿಮ್ಮ ಬೀದಿಯ ಗಣಪತಿಯ ಮುಂದೆ, ಅವನನ್ನು ಚಡ್ಡಿ ಹಾಕುವ ಕಾಲದಿಂದ ಬಲ್ಲವರ ಎದುರು ಏಳು ನಿಮಿಷ ಮಾಡಲಿ. ಅವರು ಸುಲಭಕ್ಕೆ ನಗುವ ಪೈಕಿಯವರಲ್ಲ.

ನಿಮ್ಮತ್ತೆಗೆ ಒಂದು ಮಾತು ಮುಟ್ಟಿಸಿ: ಪಂಚನಹಳ್ಳಿ ಸೇರುವುದು ಕಡೂರು ತಾಲೂಕಿಗೇ. ಒಪ್ಪುವುದಿಲ್ಲ ಅವರು, ಗೊತ್ತು.